ಒರೆಸಿದಷ್ಟೂ ಮಂಜು

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಶಿಡ್ಲಘಟ್ಟದಲ್ಲಿ ನಾನು ಫೋಟೊ ತಿದ್ದಿ ಬದುಕುವವನು. ಬೊಕ್ಕತಲೆಯ ವರನಿಗೇ ಕೂದಲು ಬರಿಸಿದವನಿಗೆ ಕಾರಿನ ಗೀರು ಅಳಿಸುವುದು ಯಾವ ಲೆಕ್ಕ? ಗೌರಿಬಿದನೂರಿನ ಕನಕರಾಜ್ ಭಾವ ಹಳೇ ಕಾರು ತಂದ ವಾರಕ್ಕೇ ಮುನಿಲಕ್ಷ್ಮಿ ಅಕ್ಕ ನಮ್ಮ ಮನೆಗೆ ಬಂದು ಕೂತಳು. "ಅದನ್ನ ಮಾರಿದ ಮೇಲೇ ಹೋಗ್ತೀನಿ" ಎಂದಳು. ಕಾರಣ ಹೇಳಲಿಲ್ಲ.

ಮಾರಾಟದ ಜಾಹೀರಾತಿಗೆಂದು ಭಾವ ಕಳಿಸಿದ ಫೋಟೊದಲ್ಲಿ, ಹಿಂದಿನ ಸೀಟಿನ ಗಾಜಿಗೆ ಯಾರೋ ಒಳಗಿಂದ ಉಸಿರು ಬಿಟ್ಟಂತೆ ಮಂಜು ಕಟ್ಟಿತ್ತು. ಅಳಿಸಿ ಕಳಿಸಿದೆ. ಫೋನು ಬಂತು. ಮೂಗಿನಲ್ಲೇ ಮಾತಾಡುವ ಭಾವನ ದನಿ: "ಏನಪ್ಪಾ, ಗ್ಲಾಸ್ ಒರೆಸೋ ಅಂದ್ರೆ ಒರೆಸಕ್ಕೇನು ರೋಗ ನಿಂಗೆ?" ಮತ್ತೆ ಅಳಿಸಿದೆ. ಮತ್ತೆ ಫೋನು. ಐದನೇ ಸಲಕ್ಕೆ ನನಗೂ ರೇಗಿತು.

"ನಿಮ್ಮ ಕಣ್ಣು ಒರೆಸ್ಕೊಳ್ಳಿ ಭಾವ! ನನ್ನ ಕಂಪ್ಯೂಟರಲ್ಲಿ ಲಕಲಕ ಅಂತಿದೆ."

ಭಾನುವಾರ ಮಧ್ಯಾಹ್ನ ನಾನೇ ಗೌರಿಬಿದನೂರಿಗೆ ಹೋದೆ. ಏಪ್ರಿಲ್ ಬಿಸಿಲಿಗೆ ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು. ಹಿಂದಿನ ಸೀಟು ಮಾತ್ರ ಹೊಸ ಮಡಕೆಯ ನೀರಿನಷ್ಟು ತಣ್ಣಗಿತ್ತು. ಈ ತಲೆನೋವೇ ಬೇಡವೆಂದು ನಾಲ್ಕೂ ಗಾಜು ಪೂರ್ತಿ ಇಳಿಸಿ ಫೋಟೊ ತೆಗೆದು, ನೋಡದೆಯೇ ಫೋನು ಜೇಬಿಗೆ ಹಾಕಿಕೊಂಡು ವಾಪಸಾದೆ.

ಅಕ್ಕ ಹಜಾರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಫೋನು ಅವಳ ಮುಂದೆ ಹಿಡಿದೆ.

"ತಗೋಳಕ್ಕಾ, ಗಾಜೂ ಇಲ್ಲ, ಗಲಾಟೆನೂ ಇಲ್ಲ. ಇವತ್ತೇ ಹಾಕ್ತೀನಿ, ನಿನ್ನ ಬ್ಯಾಗ್ ತುಂಬ್ಕೋ."

ಅವಳು ತಲೆ ಎತ್ತಲೇ ಇಲ್ಲ.

"ಮುಂದಿನ ಸೀಟ್ ನೋಡೋ" ಎಂದಳು.

ನೋಡಿದೆ. ನಾನೇ ಇಳಿಸಿದ್ದ ಡ್ರೈವರ್ ಪಕ್ಕದ ಸೀಟಿನ ಗಾಜು ಫೋಟೊದಲ್ಲಿ ಪೂರ್ತಿ ಏರಿತ್ತು. ಅದಕ್ಕೆ ಒಳಗಿಂದ ಮಂಜು ಕಟ್ಟಿತ್ತು.