ಸಂಜೆ ಬರುವ ಗಂಡ

“ಇವರು ಡ್ರೈವರಾ?” ಅಂತ ಹಳೇ ಗೆಳತಿ ಧನ್ಯಾ ಕೇಳಿದಾಗ ರೋಜಾ ಹೌದು ಅನ್ನಲಿಲ್ಲ.

ಇಲ್ಲ ಅಂತಲೂ ಅನ್ನಲಿಲ್ಲ.

ಪಣಂಬೂರಿನ ಕಡಲತೀರದಲ್ಲಿ ಬೆಳಗಿನ ಗಾಳಿ ಬೀಸುತ್ತಿತ್ತು. ಸ್ವಲ್ಪ ಆಚೆ, ವ್ಯಾನಿನ ನೆರಳಿಗೆ ಕಂಬಳಿ ಹಾಸಿಕೊಂಡು ಯತೀಶ ಚಹಾ ಕಾಯಿಸುತ್ತಿದ್ದ. ಲುಂಗಿ ಎತ್ತಿ ಕಟ್ಟಿದ್ದ, ತಲೆಗೆ ಟವೆಲ್ಲು ಸುತ್ತಿದ್ದ, ಒಲೆಗೆ ಗಾಳಿ ತಾಗದಂತೆ ತನ್ನ ಮೈಯನ್ನೇ ಅಡ್ಡ ಇಟ್ಟು ಕೂತಿದ್ದ. ಧನ್ಯಾಳ ಮಾತಿಗೆ ಅವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಸಕ್ಕರೆ ಕಲಕತೊಡಗಿತು.

ಕೇಳಿಸಿತಾ? ಕೇಳಿಸಿರಬಾರದು ದೇವರೇ...

“ಮತ್ತೆ ನಿನ್ನ ಗಂಡ ಎಲ್ಲಿ ಮಾರಾಯ್ತಿ? ಮದುವೆಗಂತೂ ಕರೀಲಿಲ್ಲ, ಮುಖ ಆದ್ರೂ ತೋರಿಸು.”

“ಅವರು... ಕೆಲಸದ ಮೇಲೆ ಆಚೆ ಹೋಗಿದ್ದಾರೆ. ಸಂಜೆ ಬರ್ತಾರೆ.”

ಬಾಯಿಂದ ಬಿದ್ದ ಮೇಲೇ ರೋಜಾಳಿಗೆ ಗೊತ್ತಾದದ್ದು, ತಾನು ಏನು ಅಂದೆ ಅಂತ. ಅಷ್ಟರಲ್ಲಿ ಯತೀಶ ಎದ್ದ. ತಟ್ಟೆಯ ಮೇಲೆ ಲೋಟಗಳನ್ನಿಟ್ಟುಕೊಂಡು ಬಂದ. ಮೊದಲು ಧನ್ಯಾಳಿಗೆ ಕೊಟ್ಟ, ಆಮೇಲೆ ಅವಳ ಗಂಡ ಗುರುಪ್ರಕಾಶ್‌ಗೆ. ಕೊನೆಗೆ ರೋಜಾಳ ಮುಂದೆ ತಟ್ಟೆ ಹಿಡಿದು, ನೆಲ ನೋಡುತ್ತಾ ಅಂದ.

“ತಗೊಳ್ಳಿ ಮೇಡಂ.”

ರೋಜಾ ಲೋಟ ತೆಗೆದುಕೊಂಡಳು.

ಮೇಡಂ... ಬೆಳಗ್ಗೆ ಎದ್ದಾಗ ‘ರೋಜಾ, ಕಡಲು ಕೂಗ್ತಿದೆ ನೋಡು’ ಅಂತ ಎಬ್ಬಿಸಿದ್ದ ಬಾಯಿ ಅದು.

ಆ ವ್ಯಾನು ಮೊದಲು ಕುರಿ ಸಾಗಿಸುತ್ತಿದ್ದ ಗಾಡಿ. ಸೊರಬದ ಹತ್ತಿರ ಜಡೆಯಲ್ಲಿ ಯತೀಶನ ಮನೆಯವರು ಕುರಿ ಸಾಕಿಕೊಂಡೇ ಬಂದವರು. ಅವನು ಗಾಡಿಯನ್ನೂ ಮಾಡಿಕೊಂಡು ಸಂತೆಯಿಂದ ಸಂತೆಗೆ ಬಾಡಿಗೆ ಹೊಡೆಯುತ್ತಿದ್ದ. ಮದುವೆ ಗೊತ್ತಾದ ಮೇಲೆ ಕುರಿಗೆ ಬೇರೆ ಗಾಡಿ ತಂದ. ಇದನ್ನು ತಿಕ್ಕಿ ತೊಳೆದು, ಒಳಗೆ ಹಲಗೆ ಹೊಡೆದು, ಮಂಚ ಕೂರಿಸಿ, ನೀರಿನ ಡ್ರಮ್ಮು ಕಟ್ಟಿ, ಕಿಟಕಿಗೆ ನೀಲಿ ಪರದೆ ಹಾಕಿದ. ಪ್ರವಾಸದವರಿಗೆ ಬಾಡಿಗೆಗೆ ಕೊಡುವ ಯೋಚನೆ. ಆದರೆ ಮೊದಲ ಪ್ರಯಾಣ ಮಾತ್ರ ಹೆಂಡತಿಗೆ ಅಂತ ಹಟ ಹಿಡಿದಿದ್ದ.

“ಕ್ಯಾಂಪರ್ ವ್ಯಾನ್ ಅಂತಾರಂತೆ ಇದಕ್ಕೆ. ನಮ್ಮಜ್ಜನ ಕಾಲದಿಂದ ನಾವು ಕ್ಯಾಂಪೇ. ಈಗ ಚಕ್ರ ಬಂದಿದೆ, ಅಷ್ಟೇ,” ಅಂದಾಗ ಮನೆಯವರೆಲ್ಲ ನಕ್ಕಿದ್ದರು. ರೋಜಾ ನಕ್ಕಿರಲಿಲ್ಲ. ಎಷ್ಟು ಫಿನಾಯಿಲ್ ಹಾಕಿದರೂ ಅವಳ ಮೂಗಿಗೆ ಮಾತ್ರ ಕುರಿಯೇ ಬಡಿಯುತ್ತಿತ್ತು.

ಆ ವಾಸನೆ ಅವಳಿಗೆ ಹೊಸದಲ್ಲ. ಶಿಕಾರಿಪುರದಲ್ಲಿ ಅಂಗಡಿ ಇಡುವ ಮೊದಲು ಅವಳಪ್ಪ ಉಜ್ಜಪ್ಪನೂ ಕುರಿ ಹಿಂದೆ ಅಲೆದವನೇ. ಅಂಬ್ಲಿಗೊಳ್ಳ ಜಲಾಶಯದ ಕೆಳಗಿನ ಗದ್ದೆಗಳಲ್ಲಿ ಮಂದೆ ನಿಲ್ಲಿಸಿ, ಬಯಲಲ್ಲೇ ಅಡುಗೆ, ಬಯಲಲ್ಲೇ ನಿದ್ದೆ. ಮಗಳು ನರ್ಸಿಂಗ್ ಓದಲು ಮಂಗಳೂರಿಗೆ ಹೊರಟಾಗ ಅಪ್ಪ ಒಂದು ಕಂಬಳಿ ಮಡಚಿ ಕೊಟ್ಟಿದ್ದ. ಹಾಸ್ಟೆಲಿನಲ್ಲಿ ಮೊದಲ ವಾರವೇ ಯಾರೋ ಮೂಗು ಮುಚ್ಚಿಕೊಂಡು, ಇದು ಯಾರದ್ದು ಅಂತ ಕೇಳಿದ್ದರು.

“ನನ್ನದಲ್ಲ,” ಅಂದಿದ್ದಳು ರೋಜಾ.

ಆ ಕಂಬಳಿ ಎಷ್ಟೋ ದಿನ ವರಾಂಡದ ಮೂಲೆಯಲ್ಲಿ ಬಿದ್ದಿತ್ತು. ಅವಳು ಅದರ ಪಕ್ಕದಲ್ಲೇ ದಿನಾ ಓಡಾಡುತ್ತಿದ್ದಳು.

ಮದುವೆಯ ದಿನವೂ ಅಷ್ಟೇ. ಜಡೆಯ ಮನೆಯ ಹೊಸಿಲಲ್ಲಿ ನಾದಿನಿ ನಾಗಶ್ರೀ ಕೈ ಅಡ್ಡ ಹಿಡಿದು, ಪ್ರಾಸ ಜೋಡಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡೋದು ಅಂದಿದ್ದಳು. ರೋಜಾ ಒಡಪೂ ಹೇಳಲಿಲ್ಲ, ಹೆಸರನ್ನು ತನ್ನ ಸೆರಗಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಅಂದಳು. ಸುತ್ತ ನಿಂತ ಹೆಂಗಸರು ಕೇಳಲಿಲ್ಲ ಕೇಳಲಿಲ್ಲ ಅಂತ ಕಾಡುವಾಗ ಯತೀಶನೇ, ನಂಗೆ ಕೇಳ್ತು, ಬಿಡಿ ಸಾಕು ಅಂತ ಬಿಡಿಸಿದ್ದ.

ಅವನು ಕಡಲನ್ನೇ ಕಂಡವನಲ್ಲ. ನೀನು ಓದಿದ ಊರನ್ನ ನೀನೇ ತೋರಿಸು ಅಂತ ಹೊರಡಿಸಿದ್ದ. ಸಾಗರ, ಹೊನ್ನಾವರ ದಾಟಿ ಹಿಂದಿನ ದಿನ ಇಲ್ಲಿ ಮುಟ್ಟುವಾಗ ಕತ್ತಲಾಗಿತ್ತು. ಅಲೆಯ ಸದ್ದು ಮಾತ್ರ ಕೇಳುತ್ತಿತ್ತು. ಇವತ್ತು ಬೇಡ, ಬೆಳಿಗ್ಗೆ ಚಹಾ ಕುಡಿದು ಇಬ್ಬರೂ ಒಟ್ಟಿಗೇ ಕಾಲಿಡೋಣ ಅಂದಿದ್ದ.

ಅಷ್ಟರಲ್ಲಿ ವಾಕಿಂಗಿಗೆ ಬಂದಿದ್ದಳು ಧನ್ಯಾ, ಮೂರು ವರ್ಷ ಒಂದೇ ರೂಮಿನಲ್ಲಿ ಮಲಗಿದ್ದ ಗೆಳತಿ.

ಚಹಾ ಕುಡಿದಾದ ಮೇಲೆ ಧನ್ಯಾ ರೋಜಾಳ ಕೈ ಹಿಡಿದು ನೀರಿಗೆ ಎಳೆದುಕೊಂಡು ಹೋದಳು. ಗುರುಪ್ರಕಾಶ್ ತನ್ನ ಶೂ ಬಿಚ್ಚಿ ವ್ಯಾನಿನ ಪಕ್ಕ ಇಟ್ಟು, ಸ್ವಲ್ಪ ನೋಡಿಕೊಳ್ಳಿ ಅಂತ ಯತೀಶನಿಗೆ ಹೇಳಿ ಹಿಂದೆಯೇ ಬಂದ. ಅಲೆ ಬಂದು ರೋಜಾಳ ಕಾಲಿಗೆ ಬಡಿಯಿತು. ಅವಳು ತಿರುಗಿ ನೋಡಿದಳು.

ಕಡಲು ನೋಡಬೇಕು ಅಂತ ಬಂದವನು ಶೂ ಕಾಯುತ್ತಾ ನಿಂತಿದ್ದ.

ಈಗ ಹೇಳಿಬಿಡಲಾ? ಹೇಗೆ ಹೇಳಲಿ? ‘ಸಂಜೆ ಬರ್ತಾರೆ’ ಅಂತ ಬೇರೆ ಅಂದುಬಿಟ್ಟೆನಲ್ಲ...

ಮೊದಲೇ ಹೇಳಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಹೊತ್ತು ಹೋದಷ್ಟೂ ಆ ಮಾತು ನುಂಗಲೂ ಆಗದ, ಉಗುಳಲೂ ಆಗದ ಮೀನಿನ ಮುಳ್ಳಾಯಿತು. ಅದೂ ಧನ್ಯಾಳಿಗೆ ವ್ಯಾನು ಬಹಳ ಹಿಡಿಸಿತು. ಕಾರು ಇಲ್ಲೇ ಇರಲಿ, ಭಾನುವಾರ ಅಲ್ವಾ, ಇವತ್ತಿಡೀ ಇದರಲ್ಲೇ ಸುತ್ತುವ ಅಂತ ಹತ್ತಿ ಕೂತೇ ಬಿಟ್ಟಳು.

ಯತೀಶ ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡು ಬಂದ. ರೋಜಾಳಿಗೆ ಬಾಗಿಲು ತೆಗೆದು ಹಿಡಿದ. ಅವಳು ಮುಂದಿನ ಸೀಟಿನ ಕಡೆ ಹೆಜ್ಜೆ ಇಟ್ಟಾಗ, ಹಿಂದೆ ಕೂತ್ಕೊಳ್ಳಿ ಮೇಡಂ, ಅಲ್ಲಿ ಗಾಳಿ ಚೆನ್ನಾಗಿದೆ ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕದ್ರಿ ಪಾರ್ಕಿನ ಮರಗಳ ಕೆಳಗೆ ಅವನೇ ಮೂವರ ಫೋಟೋ ತೆಗೆದ. ಮೇಡಂ, ಸ್ವಲ್ಪ ನಗಿ ಅಂತಲೂ ಹೇಳಿದ. ಮಧ್ಯಾಹ್ನ ಮೀನೂಟದ ಹೋಟೆಲಿನ ಮುಂದೆ ರೋಜಾ ಹೇಗೋ ಧೈರ್ಯ ಮಾಡಿ, ಅವರೂ ಬರಲಿ ಅಂದಳು. ಗಾಡಿ ಹತ್ರ ಯಾರಾದರೂ ಇರಬೇಕು ಅಂತ ಅವನೇ ತಪ್ಪಿಸಿಕೊಂಡ. ಡ್ರೈವರಿಗೆ ಪಾರ್ಸೆಲ್ ತಕೊಂಡರಾಯಿತು ಅಂದಳು ಧನ್ಯಾ. ಕಿಟಕಿಯಾಚೆ ಅವನು ವ್ಯಾನಿಗೆ ಒರಗಿ, ನಿಂತುಕೊಂಡೇ ಪೊಟ್ಟಣ ಬಿಚ್ಚಿ ತಿನ್ನುವುದು ಕಾಣುತ್ತಿತ್ತು. ರೋಜಾ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಬಾವುಟಗುಡ್ಡೆಯಲ್ಲಿ ಧನ್ಯಾ ಹಳೇ ಕಥೆಗಳನ್ನು ಹೇಳುತ್ತಾ ನಗುತ್ತಿದ್ದಳು. ರೋಜಾಳ ಕಣ್ಣು ಕೆಳಗಿನ ರಸ್ತೆಯ ಮೇಲಿತ್ತು. ಕಟ್ಟಡಗಳ ಸಂದಿಯಲ್ಲಿ ದೂರದ ಕಡಲು ಒಂದು ಗೆರೆಯಷ್ಟು ಕಾಣುತ್ತಿತ್ತು. ಅದನ್ನು ನೋಡಲು ಯತೀಶ ತುದಿಗಾಲಲ್ಲಿ ನಿಂತಿದ್ದ. ಯಾರೋ ಬಂದರು ಅಂತ ಅನಿಸಿದ ಕೂಡಲೇ ಕಾಲು ಇಳಿಸಿ, ಗಾಜು ಒರೆಸುವವನ ಹಾಗೆ ಬಟ್ಟೆ ಎತ್ತಿಕೊಂಡ.

ನನ್ನಂಥ ಹೆಂಡತಿ ಯಾರಿಗೂ ಸಿಗಬಾರದು...

ಸುಲ್ತಾನ್ ಬತ್ತೇರಿಗೆ ಹೊರಟಾಗ ಬಿಸಿಲು ಇಳಿದಿತ್ತು. ಮುಂದೆ ಕೂತಿದ್ದ ಗುರುಪ್ರಕಾಶ್ ಅವನ ಹೆಸರು ಕೇಳಿದ. ‘ಯತೀಶ’ ಅಂದ ಅವನು. ಧನ್ಯಾಳಿಗೆ ಹೊಸದೊಂದು ಆಸೆ ಹುಟ್ಟಿತು. ಹಿಂದಿನಿಂದ ಬಗ್ಗಿ, ಇವಳು ಗಂಡನ ಬಗ್ಗೆ ಬಾಯೇ ಬಿಡುವುದಿಲ್ಲ, ನೀವಾದ್ರೂ ಹೇಳಿ, ನಿಮ್ಮ ಸಾಹೇಬ್ರು ಹೇಗೆ ಅಂತ ಕೇಳಿದಳು.

ಯತೀಶ ವ್ಯಾನನ್ನು ಒಂದು ತಿರುವು ದಾಟಿಸಿದ.

“ಒಳ್ಳೆಯವರೇ ಮೇಡಂ. ಸ್ವಲ್ಪ ಪೆದ್ದು.”

“ಅಯ್ಯೋ, ಹೀಗೆಲ್ಲ ಹೇಳಬಹುದಾ?” ಧನ್ಯಾ ನಕ್ಕಳು.

“ಎದುರಿಗೇ ಹೇಳ್ತೀನಿ, ಬೈಯಲ್ಲ. ಹೆಂಡ್ತಿ ಅಂದ್ರೆ ಅವರಿಗೆ ಜೀವ. ಆದ್ರೆ ಹೆಂಡ್ತಿಗೆ ಏನು ಇಷ್ಟ ಅಂತ ಕೇಳೋಕೆ ಗೊತ್ತಾಗಲ್ಲ. ತನಗೆ ಚೆಂದ ಕಂಡಿದ್ದು ಅವರಿಗೂ ಚೆಂದ ಕಾಣುತ್ತೆ ಅಂದ್ಕೊಂಡು ಬಿಡ್ತಾರೆ.” ಗೇರು ಬದಲಿಸಿದ. “ಅಷ್ಟೇ ಮೇಡಂ. ಬೇರೆ ಕೆಟ್ಟ ಬುದ್ಧಿ ಏನಿಲ್ಲ.”

ರೋಜಾ ನೀಲಿ ಪರದೆಯನ್ನು ಮುಖದವರೆಗೆ ಎಳೆದುಕೊಂಡು ಹೊರಗೆ ನೋಡಿದಳು. ಏನೂ ಕಾಣಲಿಲ್ಲ, ಕಣ್ಣು ತುಂಬಿಹೋಗಿತ್ತು.

ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿದರೆ ತಣ್ಣೀರುಬಾವಿಯ ಕಡಲತೀರ. ಜನ ದಾಟಿಸುವ ಸಣ್ಣ ದೋಣಿ, ಗಾಡಿ ಹೋಗುವುದಿಲ್ಲ. ಡ್ರೈವರ್ ಇಲ್ಲೇ ಇರಲಿ, ನಾವು ಸೂರ್ಯ ಮುಳುಗುವುದು ನೋಡಿ ಬರುವ ಅಂದಳು ಧನ್ಯಾ. ಯತೀಶ ದೋಣಿಯ ತನಕ ಬಂದ. ಹತ್ತುವಾಗ ಹಲಗೆ ಅಲುಗಿತು. ಅವನ ಕೈ ತಾನಾಗಿ ಮುಂದೆ ಬಂದು, ಅರ್ಧದಲ್ಲೇ ನಿಂತು, ಹಿಂದೆ ಹೋಯಿತು.

ದೋಣಿ ಹೊರಟಿತು. ದಡದ ಮೇಲೆ ಅವನು ಚಿಕ್ಕವನಾಗುತ್ತಾ ಹೋದ. ವ್ಯಾನಿನಿಂದ ಕಂಬಳಿ ತೆಗೆದು ಕೊಡವಿದ. ಮಡಚಿದ. ಸುತ್ತ ಒಮ್ಮೆ ನೋಡಿ, ಯಾರಿಗೂ ಕಾಣದ ಹಾಗೆ ಸೀಟಿನ ಕೆಳಗೆ ತುರುಕಿದ.

ಅದನ್ನು ನೋಡಿದ ರೋಜಾಳಿಗೆ ವರಾಂಡದ ಮೂಲೆ ನೆನಪಾಯಿತು. ಅವನಿಗೂ ನಾಚಿಕೆ ಕಲಿಸಿಬಿಟ್ಟೆನಾ ನಾನು?

“ಧನ್ಯಾ... ಅವರೇ.”

“ಯಾರು?”

“ಸಂಜೆ ಬರ್ತಾರೆ ಅಂದೆನಲ್ಲ. ಬೆಳಗ್ಗೆಯಿಂದ ಜೊತೆಗೇ ಇದ್ರು. ಯತೀಶ. ನನ್ನ ಗಂಡ.”

ಗುರುಪ್ರಕಾಶ್ ತನ್ನ ಶೂಗಳನ್ನೇ ನೋಡುತ್ತಾ ಕೂತ. ಧನ್ಯಾ ಬೈಯುತ್ತಾಳೆ ಅಂತ ರೋಜಾ ಕಾದಳು. ಅವಳು ಬೈಯಲಿಲ್ಲ. ಮೆಲ್ಲಗೆ ಅಂದಳು.

“ಹಾಸ್ಟೆಲಿನ ಆ ಕಂಬಳಿ ನಿನ್ನದು ಅಂತ ರೂಮಿನವರಿಗೆಲ್ಲ ಗೊತ್ತಿತ್ತು ಮಾರಾಯ್ತಿ. ಯಾರಿಗೂ ಅದು ದೊಡ್ಡ ವಿಷಯ ಆಗಿರಲಿಲ್ಲ. ನೀನೇ ಹೇಳ್ತಿ ಅಂತ ಕಾದದ್ದು.”

ರೋಜಾಳಿಗೆ ತಲೆ ಎತ್ತಲಾಗಲಿಲ್ಲ. ಆಚೆ ದಡ ಮುಟ್ಟಿದಾಗ ಧನ್ಯಾ ಅವಳ ಭುಜ ಒತ್ತಿ ಕೂರಿಸಿದಳು. ಪಣಂಬೂರು ಈ ಬದಿಯೇ ಉಂಟು, ನಾವು ರಿಕ್ಷಾದಲ್ಲಿ ಕಾರಿನ ಹತ್ರ ಹೋಗ್ತೇವೆ, ನೀನು ಇಳೀಬೇಡ, ಇದೇ ದೋಣಿಯಲ್ಲಿ ವಾಪಸ್ ಹೋಗು ಅಂದಳು. ಹೊಳೆ ಅಷ್ಟು ಅಗಲ ಇದೆ ಅಂತ ರೋಜಾಳಿಗೆ ಆಗಲೇ ಗೊತ್ತಾದದ್ದು.

ಯತೀಶ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ. ಒಬ್ಬಳೇ ಬಂದದ್ದು ನೋಡಿ ಗಾಬರಿಯಲ್ಲಿ ಎದ್ದ.

“ಏನಾಯ್ತು ಮೇ...”

“ಅನ್ನಬೇಡಿ ರೀ. ಇನ್ನೊಂದ್ಸಲ ಹಂಗನ್ನಬೇಡಿ. ಅವರಿಗೆ ಎಲ್ಲ ಹೇಳಿ ಬಂದೆ.”

ಅವನು ಮತ್ತೆ ಕೂತ. ಎಂತಕ್ಕೆ ಹೇಳಿದೆ, ಇನ್ನೊಂದು ಗಳಿಗೆ ಕಳೆದಿದ್ದರೆ ಮುಗೀತಿತ್ತು, ನಿನ್ನ ಮಾತು ಸುಳ್ಳಾಗಬಾರದು ಅಂತಲೇ ನಾನು ಸುಮ್ಮನಿದ್ದದ್ದು ಅಂದ. ಆ ‘ಮೇಡಂ’ ತನಗೆ ಕೊಟ್ಟ ಶಿಕ್ಷೆ ಅಂತ ಅವಳು ತಿಳಿದಿದ್ದಳು, ಅದು ಶಿಕ್ಷೆಯಾಗಿರಲಿಲ್ಲ. ಇಡೀ ದಿನ ಅವನು ಅವಳ ಮರ್ಯಾದೆ ಕಾಯುತ್ತಿದ್ದ! ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವಳಿಗೆ.

“ಡ್ರೈವರ್ ಅಂದಿದ್ದಕ್ಕೆ ಬೇಜಾರಿಲ್ಲ ರೋಜಾ. ನಾನು ಡ್ರೈವರೇ. ಸಂಜೆ ಬರ್ತಾರೆ ಅಂದೆಯಲ್ಲ, ಆ ಗಂಡ... ಬೆಳಗ್ಗೆಯಿಂದ ಅವನನ್ನೇ ಯೋಚಿಸ್ತಿದ್ದೆ. ಅವನು ನನಗಿಂತ ಚೆನ್ನಾಗಿದ್ದಾನೆ ಅನಿಸ್ತು.” ದನಿ ಒಡೆಯಿತು. “ಅಪ್ಪನ ಮಾತಿಗೆ ಕಟ್ಟುಬಿದ್ದು ನನ್ನ ಮದುವೆ ಆದ್ಯೇನೋ. ನಾಳೆ ಶಿಕಾರಿಪುರಕ್ಕೆ ಬಿಡ್ತೀನಿ. ಯಾರಿಗೂ ಏನೂ ಹೇಳಲ್ಲ.”

ರೋಜಾ ಅವನ ಕಾಲ ಬಳಿ ನೆಲದಲ್ಲೇ ಕೂತಳು. ಹಾಸ್ಟೆಲಿನ ಕಂಬಳಿಯ ಕಥೆಯನ್ನು ಹುಟ್ಟಿದ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಮೂಗು ಮುಚ್ಚಿಕೊಂಡವರನ್ನು ಹೇಳಿದಳು, ‘ನನ್ನದಲ್ಲ’ ಅಂದದ್ದನ್ನೂ ಹೇಳಿದಳು.

“ನಾಚಿಕೆ ನಿಮ್ಮ ಮೇಲಲ್ಲ ರೀ. ನನ್ನ ಮೇಲೇ. ಅದನ್ನ ನಿಮ್ಮ ತಲೆ ಮೇಲೆ ಹೊರಿಸಿದೆ.” ಸೀಟಿನ ಕೆಳಗೆ ಕೈ ಹಾಕಿ ಕಂಬಳಿ ಎಳೆದಳು. ಮುಖಕ್ಕೆ ಒತ್ತಿಕೊಂಡಳು. ಅಪ್ಪನ ಹೆಗಲ ವಾಸನೆ ಅದು. “ಸಂಜೆ ಬರ್ತಾರೆ ಅಂದಿದ್ದೆ. ಸಂಜೆ ಆಯ್ತು... ಬರಲ್ವಾ?”

ಅವನು ಎದ್ದು ವ್ಯಾನಿನೊಳಗೆ ಹೋದ. ಮುಗಿಯಿತು, ಹೊರಡುತ್ತಾನೆ ಅಂದುಕೊಂಡು ರೋಜಾ ಕಂಬಳಿ ಅಪ್ಪಿಕೊಂಡೇ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಅಡ್ಡವಾಗಿ ಒಂದು ಕೈ ಬಂತು.

“ಹೆಸರು ಹೇಳಿ ಒಳಗೆ ಬಾ.”

ಅವಳು ತಲೆ ಎತ್ತಿದಳು. ಅವನ ಕಣ್ಣು ಒದ್ದೆಯಾಗಿತ್ತು, ತುಟಿಯ ಮೂಲೆ ಮಾತ್ರ ಅಲುಗುತ್ತಿತ್ತು.

ರೋಜಾ ಅಲ್ಲೇ ನಿಂತು ಯೋಚಿಸಿದಳು. ಆಮೇಲೆ ದಡದ ಜನರ ಕಡೆಗೇ ತಿರುಗಿ, ಗಂಟಲು ಬಿಟ್ಟು ಹೇಳಿದಳು.

“ಕುರಿ ಹೊತ್ತ ಗಾಡೀಲಿ ಕಡಲೂರಿಗೆ ಬಂದೆ,
ಯತೀಶರ ಹೆಂಡ್ತಿ ನಾನು, ಇವತ್ತು ಬಾಯ್ಬಿಟ್ಟು ಅಂದೆ!”

ಬಲೆ ಬಿಡಿಸುತ್ತಾ ಕೂತಿದ್ದ ಹೆಂಗಸೊಬ್ಬಳು ತಲೆ ಎತ್ತಿ, ಕೇಳಿತು ಮಾರಾಯ್ತಿ, ಹೊಳೆಯಾಚೆಯವರಿಗೂ ಕೇಳಿತು ಅಂತ ನಕ್ಕಳು. ಯತೀಶನ ಕೈ ಬಾಗಿಲಿನಿಂದ ಇಳಿದು ಅವಳ ಕೈ ಹಿಡಿಯಿತು.

“ಬನ್ನಿ, ಬೆಳಕು ಹೋಗೋದ್ರೊಳಗೆ ಆಚೆ ದಾಟೋಣ. ನೀವಿನ್ನೂ ಕಡಲು ಮುಟ್ಟಿಲ್ಲ.”

“ಗಾಡಿ ಕಾಯೋರು ಯಾರು?”

“ಯಾರೂ ಕದಿಯಲ್ಲ ಬಿಡಿ. ಕುರಿ ವಾಸನೆ ಬರುತ್ತೆ.”

ಅವನು ಜೋರಾಗಿ ನಕ್ಕುಬಿಟ್ಟ. ಬೆಳಗ್ಗೆಯಿಂದ ಅವಳು ಆ ನಗುವಿಗೇ ಹಸಿದಿದ್ದಳು.

ತಣ್ಣೀರುಬಾವಿಯಲ್ಲಿ ಸೂರ್ಯ ನೀರಿಗೆ ತಾಗಿದ್ದ. ಇಬ್ಬರೂ ಒಂದೇ ಕಂಬಳಿ ಹೊದ್ದು ಅಲೆಯ ಅಂಚಿಗೆ ಬಂದು ನಿಂತರು. ಒಟ್ಟಿಗೇ ಕಾಲಿಟ್ಟರು. ಯತೀಶ ಬಗ್ಗಿ ಒಂದು ಬೊಗಸೆ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವುಚಿದ.

“ಉಪ್ಪು ಜಾಸ್ತಿ ಆಯ್ತು, ಮೇಡಂ.”

“ಮತ್ತೆ ಹಂಗಂದ್ರೆ ನಿಜವಾಗ್ಲೂ ತವರಿಗೆ ಹೋಗ್ತೀನಿ ನೋಡಿ.”

“ಹೋಗೋದಾದ್ರೂ ಬಿಟ್ಟು ಬರೋಕೆ ಡ್ರೈವರ್ ಬೇಕಲ್ಲ?”

ರೋಜಾ ಕಂಬಳಿಯ ಅಂಚನ್ನು ಅವನ ಹೆಗಲಿಗೆ ಇನ್ನಷ್ಟು ಎಳೆದು ಹೊದಿಸಿದಳು.

“ಅವರು ರಜೆ ಮೇಲಿದ್ದಾರೆ ರೀ. ಈಗ ಗಂಡ ಬಂದಿದ್ದಾರೆ.”