ಗಾಜಿನಾಚೆಯ ಪೊರೆರಾಯ

"ಸ್ವಲ್ಪ ಫ್ಲೋರೈಡ್ ಬೇಕಿತ್ತು," ಎಂದಳು ಅವಳು, ಬಾಗಿಲಲ್ಲೇ ನಿಂತು.

ನೀರು ಪರೀಕ್ಷಿಸುವ ಸೆನ್ಸರ್ ಮಾಡುತ್ತಿದ್ದವನು ತಲೆ ಎತ್ತಲಿಲ್ಲ. "ಯಾರಿಗೆ ವಿಷ ಹಾಕ್ಬೇಕು?"

"ರಕ್ತದ ಕಣಗಳನ್ನ ಎಬ್ಬಿಸ್ಬೇಕು. ಪಕ್ಕದ ಇಮ್ಯುನಿಟಿ ಲ್ಯಾಬಿನವಳು ನಾನು. ನಮ್ಮ ಬಾಟಲಿ ಖಾಲಿ."

ಆಗ ತಲೆ ಎತ್ತಿದ. ಎತ್ತಿದ್ದನ್ನು ಇಳಿಸುವುದೇ ಮರೆತುಹೋಯಿತು. ಅವಳು ಚಾಚಿದ ಕೈ ಹಾಗೇ ಇತ್ತು. ಕೆನ್ನೆ ಮಾತ್ರ ಕೆಂಪಾಯಿತು.

ಅವನ ಕೆಲಸವೆಲ್ಲ ಒಂದು ತೆಳು ಪೊರೆಯದು. ಅದರೊಳಗೆ ಅಯಾನೊಫೋರ್ ಎಂಬ ಅಣು ಕೂತು, ನೀರಿನಲ್ಲಿರುವ ಫ್ಲೋರೈಡನ್ನೇ ಆರಿಸಿ ಹಿಡಿಯಬೇಕು. ಅವಳ ಅಯಾನೊಫೋರ್ ಬೇರೆ ಜಾತಿಯದು. ಕ್ಯಾಲ್ಸಿಯಂ ಹೊತ್ತು ರೋಗನಿರೋಧಕ ಕಣದೊಳಗೆ ನುಗ್ಗಿ ಅದನ್ನು ಎಚ್ಚರಿಸುವಂಥದ್ದು. ಎಚ್ಚರಗೊಂಡ ಕಣ ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯುತ್ತಿತ್ತು.

"ನಂದು ಹಿಡ್ಕೊಳ್ಳುತ್ತೆ, ನಿಂದು ಹೊತ್ಕೊಂಡು ಹೋಗುತ್ತೆ. ಜೋಡಿ ಚೆನ್ನಾಗಿದೆ," ಎಂದ ಒಂದು ದಿನ.

"ಪೊರೆರಾಯಾ, ಮೊದಲು ಕೆಲಸ ನೋಡು," ಎಂದಳು. ಹೆಸರು ಅಂಟಿಕೊಂಡಿತು. ಅವಳೂ.

ಆಮೇಲೆ ಅವನಿಗೆ ಒಂದು ಕೆಮ್ಮು ಹಿಡಿಯಿತು, ಹೋಗಲೇ ಇಲ್ಲ. ಜ್ವರ ಬಂತು, ಎದೆಯಲ್ಲಿ ಸೋಂಕು ಬೇರೂರಿತು. ಡಾಕ್ಟರು ಕಳಿಸಿದ ಅವನ ರಕ್ತ ಅವಳ ಮೇಜಿಗೇ ಬಂತು. ಹೋಲಿಕೆಗೆಂದು ತನ್ನ ರಕ್ತವನ್ನೇ ತೆಗೆದುಕೊಂಡು, ಎರಡಕ್ಕೂ ಅಯಾನೊಫೋರ್ ಹಾಕಿದಳು. ಅವಳ ಕಣಗಳು ಹೊಳೆದವು. ಅವನವು ಕಪ್ಪಗೇ ಉಳಿದವು. ಫ್ಲೋರೈಡ್ ಹಾಕಿ ಇನ್ನೊಂದು ದಾರಿಯಿಂದ ಎಬ್ಬಿಸಲು ನೋಡಿದಳು. ಕತ್ತಲೆ. ಕೈತಪ್ಪಿರಬಹುದೆಂದು ಮೊದಲಿಂದ ಮಾಡಿದಳು. ಮತ್ತೂ ಕತ್ತಲೆ.

ರಿಪೋರ್ಟು ಹಿಡಿದು ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಬಳಿ ಹೋದಳು.

"ನಿನ್ನ ಮುಖ ನೋಡಿದ್ರೆ ರಿಪೋರ್ಟೇ ಬೇಡ," ಎಂದ ಅವನು. "ನೀನು ಬೇರೆ ಯಾರನ್ನಾದ್ರೂ ನೋಡ್ಕೋ."

"ಬಾಯ್ಮುಚ್ಚು. ನಾನು ನೋಡ್ಕೊಂಡಾಗಿದೆ."

ರೋಗದೊಡನೆ ಹೋರಾಡುವ ಕಣಗಳು ಅವನಲ್ಲಿ ಹೊಸದಾಗಿ ಹುಟ್ಟಬೇಕಾದರೆ ಬೇರೆಯವರ ಅಸ್ಥಿಮಜ್ಜೆ ಬೇಕಿತ್ತು. ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಅವಳ ಅಸ್ಥಿಮಜ್ಜೆ ಹೊಂದಲಿಲ್ಲ. ಬೇರೆ ದಾನಿ ಸಿಗುವವರೆಗೆ ಅವನನ್ನು ಗಾಜಿನ ಕೋಣೆಯಲ್ಲಿಟ್ಟರು. ಯಾರ ಉಸಿರೂ ಅವನಿಗೆ ತಾಗುವಂತಿರಲಿಲ್ಲ. ಗಾಜಿನ ಈಚೆ ಅವಳು, ಆಚೆ ಅವನು, ನಡುವೆ ಫೋನು.

"ಕೂದಲು ಬಿಟ್ಕೊಂಡು ಬಂದಿದ್ದೀಯ. ಯಾರಿಗೆ ತೋರ್ಸೋಕೆ?"

"ಡ್ಯೂಟಿ ಡಾಕ್ಟರಿಗೆ."

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಇವಳು ಮಾತ್ರ ಅವನಿಂದ ಕಣ್ಣು ಕೀಳಲಿಲ್ಲ.

ದಾನಿ ಸಿಗಲಿಲ್ಲ. ಒಂದು ಬೆಳಿಗ್ಗೆ ನರ್ಸ್ ಗಾಜಿನ ಕೋಣೆಯ ಬಾಗಿಲು ತೆರೆದು ಹಿಡಿದಳು. "ಒಳಗೆ ಹೋಗಿ. ಮಾಸ್ಕ್ ಬೇಕಾಗಿಲ್ಲ."

ಅವಳ ಎದೆ ಅರಳಿತು. ಆಮೇಲೆ ನರ್ಸಿನ ಮುಖ ಕಂಡಿತು. ಕಾಪಾಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ. ಅದಕ್ಕೇ ಬಾಗಿಲು ತೆರೆದಿತ್ತು.

"ಬಂದ್ಯಾ?" ಎಂದ ಅವನು. ಮಾಸ್ಕಿಲ್ಲದ ಅವಳ ಮುಖವನ್ನು ನಿಧಾನವಾಗಿ ನೋಡಿದ. ಮೂಗು, ತುಟಿ, ಗಲ್ಲ. "ಓ... ಹಾಗೋ."

ಅವಳು ಹೌದೆಂದು ತಲೆಯಾಡಿಸಿದಳು. ಅವನಿಗೆ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಇನ್ನೂ ಹತ್ರ ಬಾ ಮಾರಾಯ್ತಿ. ಈಗ ಯಾರೂ ಬೈಯಲ್ಲ."

ಅವಳು ಚಪ್ಪಲಿ ಬಿಟ್ಟು ಆ ಇಕ್ಕಟ್ಟಿನ ಹಾಸಿಗೆ ಹತ್ತಿ, ಅವನ ಕೆನ್ನೆಗೆ ಕೆನ್ನೆ ಇಟ್ಟು ಮಲಗಿದಳು.