ಅಧಿವೇಶನಕ್ಕೆ ಸಿಕ್ಕ ಮೂರು ದಿನ

"ಇನ್ನೂ ಮೂರು ದಿನ ಅಧಿವೇಶನ ಬೇಕು ಅಂತ ಟಿಪ್ಪಣಿ ಬರೆದ ಮಹಾನುಭಾವರು ನೀವೇನಾ?"

ಮಸೂದೆ ಶಾಖೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತವಳು ವಿಧಾನಸಭೆಯ ವರದಿಗಾರ್ತಿ. ಸದನದಲ್ಲಿ ಯಾರು ಎಷ್ಟೇ ಕೂಗಾಡಲಿ, ಶೀಘ್ರಲಿಪಿಯಲ್ಲಿ ಒಂದಕ್ಷರ ಬಿಡದೆ ಬರೆದುಕೊಳ್ಳುವುದು ಅವಳ ಕೆಲಸ.

ಕಡತಗಳ ರಾಶಿಯ ಹಿಂದಿನಿಂದ ಶಾಖೆಯ ಅಧಿಕಾರಿ ಕನ್ನಡಕ ಸರಿಮಾಡಿಕೊಳ್ಳುತ್ತಾ ತಲೆಯೆತ್ತಿದ.

"ಹೌದು. ಐದು ಮಸೂದೆ ಬಾಕಿ ಇವೆ. ಚರ್ಚೆನೇ ಇಲ್ಲದೆ ಪಾಸು ಮಾಡೋಕಾಗುತ್ತಾ?"

"ನಾಳೆ ನಮ್ಮನೆಗೆ ಗಂಡಿನ ಕಡೆಯವರು ಮಾತುಕತೆಗೆ ಬರೋರಿದ್ರು. ಈಗ ಶನಿವಾರಕ್ಕೆ ಹೋಯ್ತು. ಅಮ್ಮ ಮುಖ ಊದಿಸ್ಕೊಂಡು ಕೂತಿದ್ದಾರೆ."

"ಅಮ್ಮನಿಗೆ ಬೇಜಾರು, ಸರಿ. ನಿಮಗೆ?"

ಅವಳು ಸೊಂಟದಿಂದ ಕೈ ತೆಗೆದಳು. ಇದನ್ನು ಇಲ್ಲಿಯವರೆಗೆ ಯಾರೂ ಕೇಳಿಯೇ ಇರಲಿಲ್ಲವಲ್ಲ...

ಅಲ್ಲಿಂದ ಶುರುವಾಯಿತು. ಅವಳ ವರದಿಯನ್ನು ಮಸೂದೆಯ ಜೊತೆ ತಾಳೆ ನೋಡುವುದು ಅವನ ಪಾಲಿನ ಕೆಲಸ. ಅವಳು ಓದುವುದು, ಅವನು ಗುರುತು ಹಾಕುವುದು. ಚರಂಡಿ ಮಸೂದೆಯ ಏಳನೇ ಕಲಮಿನಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗ್ರಂಥಾಲಯ ಮಸೂದೆ ಮುಗಿಯುವಷ್ಟರಲ್ಲಿ ಅವಳ ಮನಸ್ಸು ಅವಳ ಮಾತು ಕೇಳುತ್ತಿರಲಿಲ್ಲ. ಚರಂಡಿಯ ವಿಷಯ ಓದುತ್ತಾ ಪ್ರೀತಿಯಲ್ಲಿ ಬಿದ್ದವರು ಲೋಕದಲ್ಲಿ ಇವರಿಬ್ಬರೇ ಇರಬೇಕು!

ಶುಕ್ರವಾರ ಮಧ್ಯಾಹ್ನ ಒಂದೇ ಮಸೂದೆ ಉಳಿದಿತ್ತು. ಇನ್ನೊಂದು ದಿನ ಕೊಡಿ ಎಂದು ಸದಸ್ಯರು ಪಟ್ಟು ಹಿಡಿದರು. ಕೊಟ್ಟರೆ ಶನಿವಾರದ ಮಾತುಕತೆ ಮತ್ತೆ ತಪ್ಪುತ್ತದೆ. ಅವಳು ಪೆನ್ಸಿಲ್ ಹಿಡಿದು ಸಭಾಧ್ಯಕ್ಷರತ್ತ ನೋಡಿದಳು.

ಸಭಾಧ್ಯಕ್ಷರು ಅವನು ಕಳಿಸಿದ ಟಿಪ್ಪಣಿ ಓದಿದರು. "ಉಳಿದ ಮಸೂದೆ ಇಂದೇ ಮುಗಿಯುತ್ತದೆ. ವಿಸ್ತರಣೆಯ ಅಗತ್ಯವಿಲ್ಲ."

'ಕಲ್ಲು ಮನಸ್ಸಿನವನೇ... ನಾನು ಬೇರೆಯವರ ಮನೆ ಸೇರಿದರೆ ನಿನಗೇನೂ ಅನ್ನಿಸುವುದಿಲ್ಲವಾ?'

ನಾಲ್ಕು ಗಂಟೆಗೆ ಸದನ ಮುಗಿಯಿತು. ಅವಳ ವರದಿಯ ಹಾಳೆ ಹಿಡಿದು ಅವನೇ ಹುಡುಕಿಕೊಂಡು ಬಂದ.

"ಒಂದು ವಾಕ್ಯ ಬಿಟ್ಟುಹೋಗಿದೆ. ವಿಸ್ತರಣೆಯ ಅಗತ್ಯವಿಲ್ಲ ಅನ್ನೋದು."

ಆರು ವರ್ಷದಲ್ಲಿ ಅವಳು ಬಿಟ್ಟ ಮೊದಲ ವಾಕ್ಯ ಅದು.

"ಬರೆಯೋಕೆ ಕೈ ಬರಲಿಲ್ಲ," ಎಂದಳು. ಕಣ್ಣು ತುಂಬಿಕೊಂಡಿತ್ತು. "ಒಂದೇ ಒಂದು ದಿನ ಕೇಳೋಕಾಗ್ಲಿಲ್ವಾ ನಿಮಗೆ?"

"ಕೇಳಿದ್ರೆ ಗಂಡಿನ ಕಡೆಯವರು ಭಾನುವಾರ ಬರ್ತಿದ್ರು, ಅಷ್ಟೇ. ಅಧಿವೇಶನ ಎಳೆದು ಎಷ್ಟು ದಿನ ಅಂತ ನಿಮ್ಮನ್ನ ಉಳಿಸ್ಕೊಳ್ಳಲಿ? ಅದಕ್ಕೆ, ಇವತ್ತೇ ನಿಮ್ಮ ಅಪ್ಪನ ಹತ್ರ ಮಾತಾಡೋಣ ಅಂತ..."

"ಅಪ್ಪನ ಹತ್ರ ಆಮೇಲೆ. ನನ್ನನ್ನ ಕೇಳಿದ್ರಾ?"

ಮಸೂದೆಯ ಒಂದು ಹಂತವನ್ನೂ ಹಾರಿಸದ ಮನುಷ್ಯ ಇಲ್ಲಿ ಮೊದಲ ಹಂತವನ್ನೇ ಹಾರಿಸಿಬಿಟ್ಟಿದ್ದ. ಪೆಚ್ಚುನಗೆ ಬೀರಿ ಮೆಲ್ಲಗೆ ಕೇಳಿದ, "ನನ್ನನ್ನ ಮದುವೆ ಆಗ್ತೀರಾ?"

ಅವಳು ಹಾಳೆ ಎಳೆದುಕೊಂಡು ಬಿಟ್ಟುಹೋದದ್ದನ್ನು ಬರೆದು ಅವನ ಕೈಗಿತ್ತಳು.

"ಆಗ್ತೀನಿ. ಅಪ್ಪ ಆರಕ್ಕೆ ಮನೆಗೆ ಬರ್ತಾರೆ. ದಾರೀಲಿ ಕೈ ಹಿಡ್ಕೊಂಡ್ರೂ ಪರವಾಗಿಲ್ಲ, ನಮ್ಮ ಬೀದಿ ಬಂದ ಮೇಲೆ ಬೇಡ."

"ಬೇಡ್ವೇ ಬೇಡ್ವಾ?"

ಅವಳು ಒಂದು ಕ್ಷಣ ಯೋಚಿಸಿದಳು.

"ಹಿಡ್ಕೊಂಡೇ ಬನ್ನಿ. ಅಪ್ಪ ನೋಡಿದ್ರೆ ನೋಡ್ಲಿ."